ಪಂಪಾಪತಿ ಮಾವನ ಗಾಳಿದೋಣಿ

ಊಟಕ್ಕೆ ಕೂತವರಿಗೂ ‘ಸಾವಧಾನ್’ ಹೇಳುವ ಮನುಷ್ಯ ನಾನು ಕಂಡಂತೆ ಒಬ್ಬರೇ. ಅವರು ನಮ್ಮವ್ವನ ತಮ್ಮ, ಪಂಪಾಪತಿ ಮಾವ. ಕುರುಗೋಡಿನಲ್ಲಿ ಹೈಸ್ಕೂಲಿನ ಡ್ರಿಲ್ ಮಾಸ್ತರರಾಗಿದ್ದು ನಿವೃತ್ತರಾದರು. ನಿವೃತ್ತಿಯ ಸುದ್ದಿಯನ್ನು ಅವರ ಕೊರಳಲ್ಲಿದ್ದ ಸೀಟಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಬಳ್ಳಾರಿಯ ನಮ್ಮ ಮನೆಗೆ ಬಂದರೆ ಗೇಟಿನ ಹೊರಗೆ ನಿಂತು ಜೋರಾಗಿ ಒಮ್ಮೆ ಊದುತ್ತಿದ್ದರು. ಕಾಲಿಂಗ್ ಬೆಲ್ ಅವರ ಪ್ರಕಾರ ಸೋಮಾರಿಗಳ ಸಾಧನ. ಮದುವೆಮನೆಯಲ್ಲಿ ಊಟದ ಸಾಲು ಸೊಟ್ಟಗಿದ್ದರೆ ಬಡಿಸುವವರನ್ನು ತಡೆದು, ಎಲೆಗಳನ್ನೆಲ್ಲ ಸರಿಸಿ ಗೆರೆ ನೇರ ಮಾಡಿಸುತ್ತಿದ್ದರು. ಅಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು. ಶಿಸ್ತು ಮಾತ್ರ ಬಿಸಿಬಿಸಿಯಾಗಿರುತ್ತಿತ್ತು.

ಹೊಸಬರು ಸಿಕ್ಕರೆ ಹೇಳಲು ಅವರ ಹತ್ತಿರ ಒಂದು ಕಥೆ ಸದಾ ಸಿದ್ಧವಿತ್ತು. ಪ್ರಾಯದಲ್ಲಿ ಅವರು ಸಿರುಗುಪ್ಪದ ಹತ್ತಿರ ತುಂಬಿದ ತುಂಗಭದ್ರೆಯನ್ನು ಈಜಿ ದಾಟಿದ್ದರಂತೆ, ಅದೂ ಗೆಳೆಯನ ಮದುವೆಯ ಊಟಕ್ಕೆ.

“ಮುಂಜಾನಿ ಈಜಿ ಹೋದೆ, ಹೋಳಿಗಿ ಉಂಡೆ, ಸಂಜಿಕಿ ಈಜಿ ಬಂದೆ. ಜೇಬಿನ್ಯಾಗಿನ ಎಲಿ-ಅಡಿಕಿ ಸೈತ ತೊಯ್ದಿದ್ದಿಲ್ಲ ನೋಡು!”

ಈ ಕಥೆ ಶುರುವಾದಾಗಲೆಲ್ಲ ಅವರ ಹೆಂಡತಿ ನೀಲಮ್ಮತ್ತೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಒಮ್ಮೆ ನನ್ನ ಕಿವಿಯಲ್ಲಿ, “ಬಕೀಟು ಬಿಟ್ಟು ಬ್ಯಾರೆ ನೀರಾಗ ಇವರನ್ನ ನಾ ನೋಡೇ ಇಲ್ಲವ್ವಾ,” ಅಂದಿದ್ದರು.

ನನ್ನ ಮಗಳು ಆದ್ಯಾಳಿಗೆ ಆಗ ನಾಲ್ಕು ವರ್ಷ. ಟಿವಿಯಲ್ಲಿ ಉದ್ದನೆಯ ದೋಣಿಯೊಂದನ್ನು ನೋಡಿ, “ತಾತಾ, ನನಗೂ ಬೇಕು,” ಎಂದಳು. ಮಾವ ಅಲ್ಲೇ ಮೊಬೈಲು ತೆಗೆದು ಗಾಳಿ ತುಂಬುವ ದೋಣಿಯನ್ನು ತರಿಸಲು ಕೂತರು. ಹರಗೋಲಿನಲ್ಲಿ ಒಂದು ಸುತ್ತು ಹಾಕಿಸಿದರೆ ಸಾಲದೇ ಎಂದು ನಾನು ಕೇಳಿದೆ.

“ಹರಗೋಲಾ? ಅದು ದುಂಡಗಿರತೈತಿ. ಮುಂದ ಯಾವುದು, ಹಿಂದ ಯಾವುದು ಅಂತ ಅದಕ್ಕೇ ಗೊತ್ತಿರಂಗಿಲ್ಲ. ಶಿಸ್ತಿಲ್ಲದ ದೋಣಿ ಅದು!”

ದೋಣಿ ಬಂತು. ಹೊಳೆಗಿಳಿಯುವ ಮೊದಲು ತಾಲೀಮು ಆಗಬೇಕೆಂದು ಅಪ್ಪಣೆಯಾಯಿತು. ನಮ್ಮ ಸೋಫಾ ವರಾಂಡಕ್ಕೆ ಹೋಯಿತು, ದೋಣಿ ಹಾಲಿನ ನಡುವೆ ಬಂದು ಉಬ್ಬಿಕೊಂಡು ಕೂತಿತು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ಗಂಡ ಮಂಜುನಾಥ, ನಾನು, ಆದ್ಯಾ ಅದರಲ್ಲಿ ಸಾಲಾಗಿ ಕೂತು ಕಡಪಾ ಕಲ್ಲಿನ ನೆಲಕ್ಕೆ ಹುಟ್ಟು ಹಾಕಿದೆವು. ಮಾವ ಸೀಟಿ ಊದುತ್ತ ಸುತ್ತ ನಡೆದರು.

“ಎಡಾ! ಬಲಾ! ಅಳಿಯಂದಿರ, ಅದು ಬಲ ಅಲ್ರಿ!”

ನೀಲಮ್ಮತ್ತೆ ಬಾಗಿಲಲ್ಲಿ ನಿಂತು, “ಎರಡು ಕೊಡ ನೀರು ಸುರೀಲೇನು? ಇಲ್ಲೇ ಹೊಳಿ ಆಗತೈತಿ. ಸಿರುಗುಪ್ಪಿಗೆ ಹೋಗೋ ಪೆಟ್ರೋಲಾದರೂ ಉಳೀತೈತಿ,” ಎಂದರು.

ಮುಂದಿನ ಭಾನುವಾರ ತೆಕ್ಕಲಕೋಟೆ ದಾಟಿ, ಗದ್ದೆಗಳ ನಡುವೆ ಸಾಗಿ ಹೊಳೆದಂಡೆ ಸೇರಿದೆವು. ಚಳಿಗಾಲದ ಹೊಳೆ, ನೀರು ಮೆಲ್ಲಗೆ ಹರಿಯುತ್ತಿತ್ತು. ನಮಗೆಲ್ಲ ಮಾವನೇ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿ ಪಟ್ಟಿ ಬಿಗಿದರು. ತಮಗೆ ಬೇಡವೆಂದರು. “ಮೀನಿಗೆ ಯಾರರ ಛತ್ರಿ ಹಿಡೀತಾರೇನು?”

ದೋಣಿ ನೀರಿಗಿಳಿದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಅವರು ದಂಡೆಯ ಮೇಲಿದ್ದೇ ಆರ್ಡರು ಕೊಡುವವರಿದ್ದರು. ಸೇನಾಪತಿ ಆದವನು ಮುಂದಿನ ಸಾಲಿನಲ್ಲಿ ಇರಬಾರದಂತೆ.

ಆದ್ಯಾ ಮರಳಲ್ಲಿ ಕುಕ್ಕರಿಸಿಬಿಟ್ಟಳು. “ತಾತ ಬರದಿದ್ರ ನಾ ಒಲ್ಲೆ.”

ಮಾವ ಹೊಳೆಯನ್ನು ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು.

“ಹೋಗ್ರಿ,” ಎಂದರು ನೀಲಮ್ಮತ್ತೆ. “ತುಂಬಿದ ಹೊಳಿ ದಾಟಿದೋರಿಗೆ ಇದ್ಯಾವ ಲೆಕ್ಕ?”

ಮಂಜುನಾಥ ಮುಂದೆ, ಅವನ ಹಿಂದೆ ನಾನು, ನನ್ನ ಹಿಂದೆ ಆದ್ಯಾ, ಕೊನೆಗೆ ಮಾವ. ಸ್ವಲ್ಪ ದೂರ ಹೋದರೂ ಸೀಟಿಯ ಸದ್ದಿಲ್ಲ. ತಿರುಗಿ ನೋಡಿದರೆ ಮಾವ ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದು ಕಣ್ಣು ಮುಚ್ಚಿದ್ದರು.

“ಮಾವಾ, ಆರ್ಡರು?”

“ಸುಮ್ಮನಿರಲೇ. ಧ್ಯಾನದಾಗ ಅದೀನಿ.”

ಅಷ್ಟರಲ್ಲಿ ನೀರಿನ ಮೇಲೆ ಒಂದು ಬೆಳ್ಳಕ್ಕಿ ಹಾದುಹೋಯಿತು. ಆದ್ಯಾ ಅದನ್ನು ಹಿಡಿಯುವವಳಂತೆ ಬಗ್ಗಿದಳು. ಚಳ್ಳೆಂದು ನೀರಿಗೆ ಬಿದ್ದಳು. ಮಂಜುನಾಥ ಗಡಬಡಿಸಿ ತಿರುಗಿದ ರಭಸಕ್ಕೆ ದೋಣಿಯೇ ಅಡ್ಡ ತಿರುಗಿತು. ಅಷ್ಟರೊಳಗೆ ಇನ್ನೊಂದು ದೊಡ್ಡ ಸದ್ದು. ಪ್ಯಾಂಟು, ಶರ್ಟು, ಕೈಗಡಿಯಾರ, ಸೀಟಿ ಸಮೇತ ಮಾವ ನೀರಿಗೆ ಹಾರಿದ್ದರು.

ಒಮ್ಮೆ ಪೂರ್ತಿ ಮುಳುಗಿದರು. ಮೇಲೆ ಬಂದಾಗ ಆದ್ಯಾಳನ್ನು ಎರಡೂ ಕೈಯಲ್ಲಿ ತಲೆಗಿಂತ ಮೇಲೆತ್ತಿ ಹಿಡಿದಿದ್ದರು. ಕುತ್ತಿಗೆಯವರೆಗೆ ನೀರು, ಮುಖ ಆಕಾಶಕ್ಕೆ.

“ಯಪ್ಪಾ! ಹುಡುಗೀನ್ನ ತೊಗೋರ್ರಿ! ನಾ ಮುಳುಗಿದೆ! ಹುಡುಗೀನ್ನ ತೊಗೋರ್ರಿ ಮೊದಲ!”

ನಾನು ಬಾಗಿ ಮಗಳನ್ನು ಎಳೆದುಕೊಂಡೆ. ಅವಳು ಎರಡು ಸಲ ಕೆಮ್ಮಿ, “ತಾತಾ, ಇನ್ನೊಮ್ಮಿ!” ಎಂದಳು. ಕೈ ಖಾಲಿಯಾದರೂ ಮಾವ ಹಾಗೇ ಕೈಯೆತ್ತಿಕೊಂಡು ‘ಮುಳುಗಿದೆ, ಮುಳುಗಿದೆ’ ಎನ್ನುತ್ತಲೇ ಇದ್ದರು.

ದಂಡೆಯಿಂದ ನೀಲಮ್ಮತ್ತೆ ಕೂಗಿದರು. “ಏನ್ರೀ! ನೆಟ್ಟಗ ನಿಂದರ್ರಿ!”

ಜೀವಮಾನದಲ್ಲಿ ಅವರು ಇನ್ನೊಬ್ಬರ ಆರ್ಡರು ಪಾಲಿಸಿದ್ದು ಬಹುಶಃ ಅದೇ ಮೊದಲು. ಹೆದರಿಕೆಗೆ ಮಡಿಚಿಹೋಗಿದ್ದ ಮೊಣಕಾಲು ಬಿಚ್ಚಿ ನಿಂತರು. ನೀರು ಅವರ ನಡುಮಟ್ಟಕ್ಕಿತ್ತು.

ಮಂಜುನಾಥ ನಗಲು ಶುರುಮಾಡಿದ. ಜೀವ ಬಾಯಿಗೆ ಬಂದಿದ್ದ ನಾನೂ ತಡೆಯಲಾರದೆ ನಕ್ಕೆ. ನಗದೇ ಇದ್ದವರು ನೀಲಮ್ಮತ್ತೆ ಒಬ್ಬರೇ. ನಡೆದುಕೊಂಡೇ ದಂಡೆಗೆ ಬಂದ ಗಂಡನ ತಲೆಯನ್ನು ಸೆರಗಿನಿಂದ ಒರೆಸಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು, “ಈಜು ಬರಂಗಿಲ್ಲಂತ ನನಗ ಮದುವಿ ಆದ ವರ್ಷನೇ ಗೊತ್ತಿತ್ತು. ಜಿಗೀತಾರಂತ ಗೊತ್ತಿದ್ದಿಲ್ಲ,” ಎಂದರು.

ಇಷ್ಟಾದ ಮೇಲೆ ಮಾವ ಸುಮ್ಮನಾದಾರು ಎಂದುಕೊಂಡಿದ್ದೆವು. ಎಲ್ಲಿಯ ಮಾತು! ಬಾದನಹಟ್ಟಿಯ ಮದುವೆಯಲ್ಲಿ ಆ ನೀರು ಎದೆಮಟ್ಟಕ್ಕೆ ಏರಿತು. ಸಿರಿಗೇರಿಯ ಹೆಸರಿಡುವ ಕಾರ್ಯಕ್ರಮಕ್ಕೆ ಹೋಗುವಷ್ಟರಲ್ಲಿ ಹೊಳೆಗೆ ಸೆಳವು ಬಂದಿತ್ತು, ಒಂದು ಮೊಸಳೆಯೂ ಸೇರಿಕೊಂಡಿತ್ತು. ಆ ಮೊಸಳೆ ಸೀಟಿಗೆ ಹೆದರಿ ಓಡಿತಂತೆ. ನಾವು ಯಾರೂ ತಿದ್ದಲು ಹೋಗಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಮರುವರ್ಷದ ಬೇಸಿಗೆಯಲ್ಲಿ. ಕಣ್ಣು ತೋರಿಸಬೇಕೆಂದು ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ದಿನಾ ಬೆಳಿಗ್ಗೆ ‘ವಾಕಿಂಗು’ ಎಂದು ಹೊರಡುತ್ತಿದ್ದರು. ಆದ್ಯಾಳನ್ನು ಈಜು ಕಲಿಯಲು ಸೇರಿಸೋಣವೆಂದು ಒಂದು ದಿನ ನಾನು ಅವಳೊಂದಿಗೆ ಊರಿನ ಈಜುಕೊಳಕ್ಕೆ ಹೋದೆ. ಆಳವಿಲ್ಲದ ಕಡೆ ಚಿಕ್ಕ ಮಕ್ಕಳ ಸಾಲು ಕಂಬಿ ಹಿಡಿದು ಕಾಲು ಬಡಿಯುತ್ತಿತ್ತು. ಸಾಲಿನ ಕೊನೆಗೆ ಪಂಪಾಪತಿ ಮಾವ.

“ಅಜ್ಜಾರ, ಕಾಲು ಮಡಚಬ್ಯಾಡ್ರಿ!” ಎಂದು ಮೀಸೆ ಈಗಷ್ಟೇ ಚಿಗುರಿದ ಕೋಚು ಸೀಟಿ ಊದುತ್ತಿದ್ದ. ಮಾವ ಸೀಟಿಗೆ ಸರಿಯಾಗಿ ಕಾಲು ಚಾಚಿದರು.

ನನ್ನನ್ನು ಕಂಡು ಮುಖ ಆಚೆ ತಿರುಗಿಸಿದರು. ಆಮೇಲೆ ಅವರಿಗೇ ಸಿಟ್ಟು ಬಂತು.

“ಏನು ನೋಡ್ತೀಯಲೇ? ಕೂಸು ಬಿದ್ದಾಗೆಲ್ಲ ಹೊಳಿ ನಡಮಟ್ಟನೇ ಇರತೈತೇನು?”

ಮಳೆಗಾಲ ಶುರುವಾಗುವ ಮೊದಲೇ ಕುರುಗೋಡಿನ ಮನೆಯಲ್ಲಿ ಮಲಗಿದಲ್ಲೇ ಹೋಗಿಬಿಟ್ಟರು. ಮಣ್ಣಿಗೆ ಬಂದವರು ಮೊಸಳೆಯ ಕಥೆ ಹೇಳಿಕೊಂಡು ನಕ್ಕರು, ಅತ್ತರು. ನನ್ನ ಕಣ್ಣ ಮುಂದೆ ಇದ್ದದ್ದು ಆ ಬೆಳಗಿನ ಈಜುಕೊಳ. ಕೋಚು ಹೇಳಿದ್ದೇ ಮಾವ ಕಂಬಿ ಬಿಟ್ಟರು. ಕೈಕಾಲು ಬಡಿದರು, ನೀರು ಕುಡಿದರು, ಹೇಗೋ ಮುಂದೆ ಸರಿದು ಪಕ್ಕದ ಗೋಡೆಗೆ ಬಂದು ತಾಗಿದರು. ಕಣ್ಣು ಕೆಂಪಾಗಿದ್ದವು.

“ಎಷ್ಟು ದೂರ ಬಂದೆ?” ಎಂದು ಆದ್ಯಾಳನ್ನು ಕೇಳಿದರು.

“ಅರ್ಧಾ ಕೊಳ, ತಾತಾ!”

ಮಾವ ಹಿಂದಕ್ಕೆ ತಿರುಗಿ ಅಳೆಯುವಂತೆ ನೋಡಿದರು.

“ಸುಳ್ಳು ಹೇಳಬ್ಯಾಡ,” ಎಂದರು ಏದುಸಿರಿನಲ್ಲಿ. “ಎರಡು ಮಾರು.”