ಶುಕ್ರವಾರದ ಗೆರೆಗಳಿಗೆ ಸಂಬಂಧಿಸಿದಂತೆ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಸರ್ಕಾರಿ ಕಚೇರಿಯೊಂದರ ಟಪಾಲು ವಿಭಾಗದಲ್ಲಿದ್ದು ನಿವೃತ್ತನಾದ ನಾನು ಕಚೇರಿ ಪತ್ರಗಳ ಹೊರತು ಈವರೆಗೆ ಬೇರೇನನ್ನೂ ಬರೆದವನಲ್ಲ. ಬರಹದಲ್ಲಿ ಪತ್ರದ ಧಾಟಿ ಕಂಡುಬಂದಲ್ಲಿ ಮನ್ನಿಸಬೇಕು. ವಿಷಯವು ನನ್ನ ಹೆಂಡತಿಯ ಎದೆಯ ಮೇಲೆ ನಾನೇ ಎಳೆದ ಮೂರು ಗೆರೆಗಳಿಗೆ ಸಂಬಂಧಿಸಿದ್ದು.

ಅವಳ ಎಡ ಸ್ತನದಲ್ಲಿ ಗಡ್ಡೆ ಕಂಡುಬಂದು, ಶಸ್ತ್ರಚಿಕಿತ್ಸೆಯೂ ಕೀಮೋ ಚಿಕಿತ್ಸೆಯೂ ಮುಗಿದ ಮೇಲೆ, ಜೆ.ಪಿ. ನಗರದ ಆಸ್ಪತ್ರೆಯೊಂದರಲ್ಲಿ ಮೂರು ವಾರಗಳ ವಿಕಿರಣ ಚಿಕಿತ್ಸೆ ನಿಗದಿಯಾಯಿತು. ವಾರಕ್ಕೆ ಐದು ದಿನ, ಬೆಳಿಗ್ಗೆ ಹನ್ನೊಂದಕ್ಕೆ, ಪದ್ಮನಾಭನಗರದ ಮನೆಯಿಂದ ಆಟೋದಲ್ಲಿ ಹಾಜರಾಗುತ್ತಿದ್ದೆವು. ಮೊದಲೇ ಅವಳ ಎದೆಯ ಮೇಲೆ ನೇರಳೆ ಬಣ್ಣದ ಗೆರೆಗಳನ್ನು ಎಳೆದಿದ್ದರು. ಅವುಗಳಿಗೆ ಹೊಂದಿಸಿಯೇ ಯಂತ್ರದ ಅಡಿಯಲ್ಲಿ ಮಲಗಿಸುತ್ತಿದ್ದರು. ಗೆರೆ ಅಳಿಸಬಾರದೆಂಬ ಸೂಚನೆಯೂ ಇತ್ತು.

ಸದರಿ ಯಂತ್ರದಲ್ಲಿ ಒಂದು ಹಲಗೆಯಿದೆ. ಕಿರಣ ಬಿಡುವ ತಲೆಭಾಗಕ್ಕೆ ಎದುರಾಗಿ, ಮಲಗಿದವರ ಆಚೆ ಬದಿಯಲ್ಲಿ, ಅದು ತೋಳು ಚಾಚಿದಂತೆ ಹೊರಬರುತ್ತದೆ. ಕಿರಣವು ದೇಹವನ್ನು ಹಾದು ಅದರ ಮೇಲೆ ಬಿದ್ದಾಗ ಹೊರಗಿನ ಪರದೆಯಲ್ಲಿ ಬೂದು ಬಣ್ಣದ ಚಿತ್ರ ಮೂಡುತ್ತದೆ. ಮೊದಲ ದಿನ ಆ ಪರದೆಯಿರುವ ಕೋಣೆಯ ಬಾಗಿಲ ಸಂದಿಯಿಂದ ಚಿತ್ರ ಕಂಡು, ಯಂತ್ರ ನಡೆಸುವ ಹುಡುಗಿಯನ್ನು ವಿಚಾರಿಸಿದೆ. ಆಕೆ ಧಾರವಾಡದ ಕಡೆಯವಳು, ಬಿ.ಟಿ.ಎಂ. ಬಡಾವಣೆಯಲ್ಲಿ ಬಾಡಿಗೆಗಿದ್ದವಳು.

"ಗಡ್ಡೆ ಇದ್ದ ಜಾಗ ಈಗ ಹೇಗಿದೆ ಮೇಡಂ?"

"ಅದು ಇದರಾಗ ಕಾಣಂಗಿಲ್ರೀ ಸರ್. ಆಂಟಿ ಎಲ್ಲಿ ಮಲಗಬೇಕಾಗಿತ್ತೋ ಅಲ್ಲೇ ಮಲಗ್ಯಾರೋ ಇಲ್ಲೋ, ಅಷ್ಟ ನೋಡೂದು."

ಇಷ್ಟು ದೊಡ್ಡ ಯಂತ್ರ ಕೇವಲ ಅಷ್ಟನ್ನು ನೋಡುವುದೇಕೆಂದು ನನಗೆ ಅರ್ಥವಾಗಲಿಲ್ಲ. ಆದರೂ ಅದು ದಿನವೂ ನೋಡುತ್ತದೆ, ತಪ್ಪಿದ್ದರೆ ತಾನೇ ನಿಲ್ಲುತ್ತದೆ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ.

ಎರಡನೆಯ ವಾರದ ಶುಕ್ರವಾರ ಬೆಳಿಗ್ಗೆ ನನ್ನ ಹೆಂಡತಿ ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದಳು. ಕೀಮೋದಲ್ಲಿ ಉದುರಿದ್ದ ಕೂದಲು ಆಗಷ್ಟೇ ಅರ್ಧ ಬೆರಳುದ್ದ ಬಂದಿತ್ತು. ಎಷ್ಟೋ ತಿಂಗಳ ನಂತರ ಎಣ್ಣೆ ಹಚ್ಚಲು ಕೂದಲಿದೆಯೆಂಬ ಸಂತೋಷದಲ್ಲಿ ಗೆರೆಗಳ ಯೋಚನೆ ಅವಳಿಗೆ ಬರಲಿಲ್ಲ. ಬಚ್ಚಲಿನಿಂದ ಹೊರಬಂದಾಗ ಟವೆಲ್ ನೇರಳೆಯಾಗಿತ್ತು.

"ಅಯ್ಯೋ, ಮತ್ತೆ ಮೊದಲಿಂದ ಶುರು ಮಾಡು ಅಂದ್ಬಿಟ್ರೆ? ನನ್ ಕೈಲಾಗಲ್ಲ ಕಣ್ರೀ. ಯಾರಿಗೂ ಹೇಳ್ಬೇಡಿ."

ಮಾಸಿದ ಅಕ್ಷರದ ಮೇಲೆ ತಿದ್ದಿ ಬರೆಯುವುದು ನನಗೆ ಕಚೇರಿಯಿಂದ ಬಂದ ಅಭ್ಯಾಸ. ಟ್ಯೂಷನ್ ಸೆಂಟರ್ ಪಕ್ಕದ ಪುಸ್ತಕದಂಗಡಿಯಿಂದ ನೇರಳೆ ಮಾರ್ಕರ್ ತಂದು, ಉಳಿದಿದ್ದ ಕಲೆಗಳನ್ನು ಅನುಸರಿಸಿ, ಸ್ಟೀಲ್ ಸ್ಕೇಲ್ ಇಟ್ಟು ಗೆರೆಗಳನ್ನು ಎಳೆದೆ. ಅಳಿಸಬಾರದೆಂದು ಹೇಳಿದ್ದರೇ ಹೊರತು, ಎಳೆಯಬಾರದೆಂದು ಹೇಳಿದ್ದು ನನ್ನ ನೆನಪಿಗೆ ಬರಲಿಲ್ಲ. ಅಂದು ಆಸ್ಪತ್ರೆಯಲ್ಲಿ ಬೇರೊಬ್ಬರು ಕರ್ತವ್ಯದಲ್ಲಿದ್ದರು. ಚಿಕಿತ್ಸೆ ಎಂದಿನಂತೆ ಮುಗಿಯಿತು.

ಸೋಮವಾರ ಅದೇ ಹುಡುಗಿ ನನ್ನನ್ನು ಒಳಗೆ ಕರೆದಳು.

"ಸರ್, ಈ ಗೆರಿ ಯಾರು ಎಳದಾರ್ರೀ? ನಾವಂತೂ ಇಷ್ಟು ಚಂದ ಎಳ್ಯಾಂಗಿಲ್ಲ. ಸ್ಕೇಲ್ ಹಿಡದು ಎಳದಂಗ ಐತಿ."

ನಾನೇ ಎಂದು ಒಪ್ಪಿಕೊಂಡೆ. ಆಕೆ ಪರದೆಯಲ್ಲಿ ಮೊದಲಿನದೊಂದು, ಅಂದಿನದೊಂದು, ಅಕ್ಕಪಕ್ಕ ಎರಡು ಚಿತ್ರಗಳನ್ನು ತೋರಿಸಿದಳು. ಎರಡರಲ್ಲೂ ಪಕ್ಕೆಲುಬುಗಳ ನೆರಳು. ನನಗೆ ಎರಡೂ ಒಂದೇ ರೀತಿ ಕಂಡವು.

"ಎಲುಬು ಒಂದ್ ಕಡೆ ಅದಾವ, ಗೆರಿ ಒಂದ್ ಕಡೆ ಐತಿ. ಎಂಟು ಮಿಲಿಮೀಟರ್ ಸರದೈತಿ. ಇವತ್ತು ಫೋಟೋ ತಗೊಳ್ಳೂ ದಿನ, ಅದಕ್ಕ ಗೊತ್ತಾತು."

"ದಿನಾ ತೆಗೆಯಲ್ವಾ ಮೇಡಂ?"

"ಮೊದಲ ಮೂರು ದಿನ ತಗೀತೀವ್ರೀ. ಆಮ್ಯಾಲೆ ಸೋಮವಾರಕ್ಕೊಮ್ಮೆ. ಯಾವತ್ತು ಎಳದ್ರಿ ಇದನ್ನ?"

ಶುಕ್ರವಾರ ಆ ಹಲಗೆ ಹೊರಬಂದೇ ಇರಲಿಲ್ಲವೆಂದು ನನಗೆ ಆಗ ತಿಳಿಯಿತು. ಅಂದರೆ ಅಂದು ಕಿರಣ ಬಿದ್ದದ್ದು ನಾನು ತೋರಿಸಿದ ಜಾಗಕ್ಕೆ. ಕಚೇರಿಯಲ್ಲಿ ನೋಟಿಸ್ ಬಂದಾಗ ತಪ್ಪಿಗಿಂತ ಮೊದಲು ದಿನಾಂಕವನ್ನು ನೋಡುತ್ತಿದ್ದವನು ನಾನು. ಬಾಯಿಂದ ಉತ್ತರ ತಾನಾಗಿ ಬಂದಿತು.

"ನಿನ್ನೆ. ಭಾನುವಾರ ಸಂಜೆ."

"ಹಂಗಾರ ಛಲೋ ಆತು ಬಿಡ್ರಿ. ಒಂದು ಟ್ರೀಟ್‌ಮೆಂಟೂ ತಪ್ಪಿಲ್ಲ. ಇನ್ನ ಮ್ಯಾಲೆ ಪೆನ್ ಮುಟ್ಟಬ್ಯಾಡ್ರಿ ಮತ್ತ!"

ಹಲಗೆಯ ಚಿತ್ರ ನೋಡಿ ಹೆಂಡತಿಯನ್ನು ಸರಿಯಾಗಿ ಮಲಗಿಸಿ, ಹೊಸ ಗೆರೆ ಎಳೆದು, ಚಿಕಿತ್ಸೆ ಕೊಟ್ಟು ಕಳುಹಿಸಿದರು. ಗೇಟಿನ ಬಳಿ ಆಟೋಗೆ ಕಾಯುವಾಗ ನಡೆದದ್ದನ್ನು ಅವಳಿಗೆ ತಿಳಿಸಿದೆ. ಯಾರಿಗೂ ಹೇಳಬೇಡಿ ಎಂದಿದ್ದವಳಿಗೆ ಸಮಾಧಾನವಾಗಬಹುದೆಂದು ಭಾವಿಸಿದ್ದೆ.

"ಭಾನುವಾರ ಅಂದ್ರಾ?"

"ನೀನೇ ತಾನೇ ಹೇಳ್ಬೇಡಿ ಅಂದಿದ್ದು."

"ಎಣ್ಣೆ ಸ್ನಾನದ ವಿಷಯ ಹೇಳ್ಬೇಡಿ ಅಂದೆ. ಶುಕ್ರವಾರ ಅದು ಎಲ್ಲಿಗೆ ಬಿತ್ತೋ, ಅದು ನನ್ ಮೈ ಕಣ್ರೀ. ನಿಮ್ ಆಫೀಸ್ ಫೈಲಲ್ಲ. ಎಡಗಡೆ ಏನಿರುತ್ತೆ ಅಂತ ಗೊತ್ತಲ್ವಾ? ಹೋಗಿ ಹೇಳ್ಬನ್ನಿ. ನಾನ್ ಇಲ್ಲೇ ಕೂತಿರ್ತೀನಿ."

ಬಂದ ಆಟೋವನ್ನು ಅವಳೇ ವಾಪಸ್ ಕಳಿಸಿದಳು. ನಾನು ಮರಳಿ ಒಳಗೆ ಹೋದೆ.

"ಒಂದು ಬಿಳಿ ಹಾಳೆ ಕೊಡಿ ಮೇಡಂ. ಬರೆದುಕೊಡ್ತೀನಿ."

"ಹಾಳಿ ಯಾಕ್ರೀ? ಬಾಯಿಲೆ ಹೇಳ್ರಿ."

"ಗೆರೆ ಎಳೆದಿದ್ದು ಭಾನುವಾರ ಅಲ್ಲ. ಶುಕ್ರವಾರ ಬೆಳಿಗ್ಗೆ. ಇಲ್ಲಿಗೆ ಬರೋ ಮುಂಚೆ."

ಆಕೆ ನಗಲಿಲ್ಲ, ಬಯ್ಯಲೂ ಇಲ್ಲ. ಫೋನ್ ಎತ್ತಿ ವೈದ್ಯರಿಗೆ ತಿಳಿಸಿದಳು. ವೈದ್ಯರು ಬಂದು ನನ್ನಿಂದ ಎಲ್ಲವನ್ನೂ ಎರಡು ಬಾರಿ ಕೇಳಿಕೊಂಡು, "ಲೆಕ್ಕ ಹಾಕಿ ನೋಡ್ತೀವಿ ಸಾರ್, ನಾಳೆ ಹೇಳ್ತೀನಿ" ಎಂದರು.

ಮರುದಿನ ಅವರು ಹೇಳಿದ ಮಾತು ಹೀಗಿತ್ತು: "ದೊಡ್ಡ ವ್ಯತ್ಯಾಸ ಏನೂ ಆಗಿಲ್ಲ. ಹಾರ್ಟ್‌ಗೆ ಹೋಗೋದು ಮಿತಿಯೊಳಗೇ ಇದೆ. ಆದ್ರೆ ನೀವು ಹೇಳಿದ್ದು ಒಳ್ಳೇದಾಯ್ತು. ಇನ್ನು ಮುಗಿಯೋವರೆಗೂ ದಿನಾ ಫೋಟೋ ತೆಗೀತೀವಿ."

'ಏನೂ ಆಗಿಲ್ಲ' ಎನ್ನುವುದಕ್ಕೂ 'ದೊಡ್ಡ ವ್ಯತ್ಯಾಸ ಏನೂ ಆಗಿಲ್ಲ' ಎನ್ನುವುದಕ್ಕೂ ನಡುವೆ ಉಳಿಯುವ ಜಾಗ ಎಷ್ಟೆಂಬುದು ನನಗೆ ಇಂದಿಗೂ ಸ್ಪಷ್ಟವಾಗಿಲ್ಲ. ಕೇಳಿದರೆ ಅವರು ವಿವರಿಸುತ್ತಿದ್ದರೇನೋ. ಕೇಳುವ ಧೈರ್ಯ ಬರಲಿಲ್ಲ.

ಉಳಿದ ದಿನಗಳಲ್ಲಿ ಹಲಗೆ ಪ್ರತಿದಿನವೂ ಹೊರಬಂದಿತು. ಪರದೆ ಕಾಣುವ ಕುರ್ಚಿಯಲ್ಲಿ ಕುಳಿತುಕೊಳ್ಳಲು ಆ ಹುಡುಗಿ ಅನುಮತಿಸಿದಳು. ಆಕೆ ಎರಡು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವಾಗ ನಾನು ಪಕ್ಕೆಲುಬುಗಳನ್ನು ನೋಡುತ್ತಿದ್ದೆ. ನನಗೆ ಏನೂ ತಿಳಿಯುತ್ತಿರಲಿಲ್ಲವಾದ್ದರಿಂದ ಆಕೆಯ ಮುಖವನ್ನೂ ನೋಡುತ್ತಿದ್ದೆ. ಆಕೆ "ಹ್ಞೂಂ" ಎಂದ ಮೇಲೆ ಉಸಿರು ಬಿಡುತ್ತಿದ್ದೆ.

ಹೆಂಡತಿ ಹೊರಬಂದು ಸೆರಗು ಸರಿಪಡಿಸಿಕೊಳ್ಳುತ್ತಾ ಪ್ರತಿದಿನ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಹೇಗಿದ್ದೆ ಫೋಟೋದಲ್ಲಿ?"

"ನಿನ್ನೆ ಇದ್ದ ಹಾಗೇ."

ಅಷ್ಟು ಕೇಳಿದ ಮೇಲೆಯೇ ಅವಳು ಆಟೋ ಕರೆಯಲು ಬಿಡುತ್ತಿದ್ದಳು.