ಗುಬ್ಬಿಗೆ ನೀರಿಟ್ಟ ಹೋಯ್ ಪಂಪಣ್ಣ

ಮಾನ್ವಿಯಲ್ಲಿ ಪಂಪಾಪತಿ ಎಂದರೆ ಯಾರಿಗೂ ಗುರುತು ಹತ್ತುವುದಿಲ್ಲ. ‘ಹೋಯ್ ಪಂಪಣ್ಣ’ ಎಂದರೆ ಆಟೋದವರು ಮನೆ ಬಾಗಿಲಿಗೇ ತಂದು ಇಳಿಸುತ್ತಾರೆ. ಆ ಹೆಸರು ಅವನಿಗೆ ಬಂದದ್ದು ಗಂಟಲಿನಿಂದ.

ಸಿಂಧನೂರು ರಸ್ತೆಯ ಅಕ್ಕಿ ಗಿರಣಿಯೊಂದರಲ್ಲಿ ಅವನು ಮೂವತ್ತು ವರ್ಷ ಭತ್ತ ಕಾದವನು. ಕುದಿಸಿದ ಭತ್ತವನ್ನು ಸಿಮೆಂಟಿನ ಅಂಗಳದಲ್ಲಿ ಹರವಿ, ಕಾಲಿನಿಂದ ತಿರುವುತ್ತ ಒಣಗಿಸುವುದು ಅರ್ಧ ಕೆಲಸ. ಅದರ ಮೇಲೆ ಬಂದು ಬೀಳುವ ಗುಬ್ಬಿ, ಪಾರಿವಾಳಗಳನ್ನು ಓಡಿಸುವುದು ಉಳಿದರ್ಧ. ಬೇರೆ ಗಿರಣಿಗಳಲ್ಲಿ ಡಬ್ಬಿ ಬಡಿಯುತ್ತಿದ್ದರು, ಪಟಾಕಿ ಹಚ್ಚುತ್ತಿದ್ದರು. ಪಂಪಣ್ಣನಿಗೆ ಅದೊಂದೂ ಬೇಕಿರಲಿಲ್ಲ. ಬಲಗೈ ಮೇಲೆತ್ತಿ ಒಮ್ಮೆ ‘ಹೋಯ್!’ ಎಂದರೆ ಸಾಕು, ಹಕ್ಕಿಗಳ ಜೊತೆಗೆ ಲಾರಿಯ ಕೆಳಗೆ ಮಲಗಿದ ಕ್ಲೀನರನೂ ಎದ್ದು ಕೂಡುತ್ತಿದ್ದ.

ಈ ಅಭ್ಯಾಸ ಗಿರಣಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮಗಳು ಉಮಾಶ್ರೀಯ ಮದುವೆಯಲ್ಲಿ ಗುಬ್ಬಿಗಳು ಚಪ್ಪರದೊಳಗೆ ನುಗ್ಗಿ ಅಕ್ಕಿಕಾಳಿನ ತಟ್ಟೆಗೆ ಎರಗಿದವು. ಬೀಗರ ಮುಂದೆ ಕೈಕಟ್ಟಿ ನಿಂತಿದ್ದ ಪಂಪಣ್ಣ ತನಗೇ ಅರಿವಿಲ್ಲದೆ ಕೈ ಎತ್ತಿ ಕೂಗಿಬಿಟ್ಟ. ಮುಹೂರ್ತ ಬಂತೆಂದು ಭಜಂತ್ರಿಯವರು ಬಾರಿಸತೊಡಗಿದರು. ಭಜಂತ್ರಿ ಕೇಳಿದ ಜನ ಅಕ್ಕಿಕಾಳು ಎಸೆದರು. ತಾಳಿ ಇನ್ನೂ ಸ್ವಾಮಿಗಳ ಕೈಯಲ್ಲೇ ಇತ್ತು, ಅಳಿಯ ಪೇಟ ಸರಿಮಾಡಿಕೊಳ್ಳುತ್ತಿದ್ದ. ಮಗಳು ರಾಯಚೂರಿನಲ್ಲಿ ಸುಖವಾಗಿದ್ದಾಳೆ. ಬೀಗರು ಮಾತ್ರ ಇಂದಿಗೂ ‘ನಮ್ಮ ಹುಡುಗಂದು ಒಂದ ದಿನಕ್ಕ ಎರಡು ಮದಿವಿ ಆಗ್ಯಾವ’ ಎನ್ನುತ್ತಾರೆ.

ಆಮೇಲೆ ಗಿರಣಿಗೆ ಭತ್ತ ಒಣಗಿಸುವ ಯಂತ್ರ ಬಂತು. ಯಂತ್ರದೊಳಗೆ ಗುಬ್ಬಿ ಹೋಗುವುದಿಲ್ಲವಾದ್ದರಿಂದ ಪಂಪಣ್ಣ ಮನೆಗೆ ಬಂದ. ಹೆಂಡತಿ ನೀಲಗಂಗಮ್ಮ ಅವನನ್ನು ಹಗಲು ಹೊತ್ತಿನಲ್ಲಿ ಮನೆಯೊಳಗೆ ನೋಡಿ ರೂಢಿಯಿಲ್ಲದವಳು. ‘ಸಂತಿಗಾದ್ರೂ ಹೋಗಿ ಬರ್ರಿ’ ಎಂದು ದಿನಕ್ಕೊಮ್ಮೆ ಹೊರಗೆ ಕಳಿಸುತ್ತಿದ್ದಳು.

ಈ ವರ್ಷ ಬೇಸಿಗೆಯ ಶುರುವಿನಲ್ಲಿ ಅವಳು ದೇವದುರ್ಗಕ್ಕೆ, ತಂಗಿ ಕರೆಮ್ಮನ ಮನೆಗೆ ಹೋದಳು. ಅಲ್ಲಿ ತೊಳೆದ ಬಂಡೆಯ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಳು. ರಾಯಚೂರಿನ ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿ, ಕಾಲನ್ನು ನೆಲಕ್ಕೆ ಊರಲೇಬಾರದು ಎಂದರು. ಜೀವನದಲ್ಲಿ ಒಂದು ಮಧ್ಯಾಹ್ನವೂ ಸುಮ್ಮನೆ ಕೂಡದ ಹೆಂಗಸು ಮಾನ್ವಿಗೆ ಮರಳಿ, ಹಿತ್ತಲ ಕಿಟಕಿಯ ಪಕ್ಕ ಮಂಚದ ಮೇಲೆ ಬಿದ್ದುಕೊಂಡಳು. ಟೀವಿ ಹಚ್ಚಿದರೆ ಸೀರಿಯಲ್ಲಿನ ಸೊಸೆಯರ ಮೇಲೆ ಸಿಟ್ಟು, ಆರಿಸಿದರೆ ಗಂಡನ ಮೇಲೆ ಸಿಟ್ಟು.

ಒಂದು ದಿನ ಕಿಟಕಿಯಾಚೆ ನೋಡುತ್ತ ಅಂದಳು: ‘ಕರೆಮ್ಮನ ಹಿತ್ತಲದಾಗ ಮುಸುರಿ ನೀರು ನಿಂತಲ್ಲಿ ಗುಬ್ಬಿ ಜಳಕ ಮಾಡ್ತಾವ. ನೋಡಾಕ ಎಷ್ಟು ಚಂದ. ನಮ್ಮ ಮನ್ಯಾಗ ಒಂದರ ಹಾಯತೈತೇನು? ಎಲ್ಲಾ ನಿಮ್ಮ ಗಂಟಲಿನ ಪುಣ್ಯ.’

ಪಂಪಣ್ಣ ಎದ್ದ. ಸೀದಾ ಅಡುಗೆ ಮನೆಗೆ ಹೋದ. ಅಲ್ಲಿಂದ ‘ಟಣ್’ ಎಂದು ಸದ್ದಾಯಿತು.

‘ಅದು ಪರಾತ. ಇದ್ದಲ್ಲೇ ಇಡ್ರಿ’ ಎಂದಳು ನೀಲಗಂಗಮ್ಮ ಮಂಚದಿಂದ.

ಒಳಗೆ ಪರಾತ ಇದ್ದಲ್ಲಿಗೆ ಹೋಯಿತು. ಮತ್ತೆ ಮೆಲ್ಲಗೆ ಸದ್ದು.

‘ಅದು ನಮ್ಮವ್ವ ಕೊಟ್ಟ ಹಿತ್ತಾಳಿ ತಾಟು. ಕೈ ಹಚ್ಚಬ್ಯಾಡ್ರಿ.’

‘ಹಾಸಿಗ್ಯಾಗ ಮಲಗಿ ಹ್ಯಾಂಗ ಗೊತ್ತಾಕ್ಕದ ಬೇ ನಿನಗ?’

‘ನಲವತ್ತು ವರ್ಷ ತಿಕ್ಕೀನಿ. ಅವುಗಳ ದನಿ ನನಗ ಗೊತ್ತಿಲ್ಲೇನು?’

ಕೊನೆಗೆ ಹಿಡಿಕೆ ಮುರಿದ ಸ್ಟೀಲ್ ಬೋಗುಣಿಯೊಂದಕ್ಕೆ ಅಪ್ಪಣೆ ಸಿಕ್ಕಿತು. ಪಂಪಣ್ಣ ಅದರ ತುಂಬ ನೀರು ಹಾಕಿ, ಸ್ಟೂಲಿನ ಮೇಲೆ ಹಿತ್ತಲ ನಡುವೆ ಇಟ್ಟು, ಗುಬ್ಬಿಗಳು ಸಾಲಾಗಿ ಬರುತ್ತವೆಂದು ಕಾದು ಕುಳಿತ. ಬಂದದ್ದು ಒಂದು ಕಾಗೆ. ಎಲ್ಲಿಂದಲೋ ತಂದ ಒಣ ರೊಟ್ಟಿ ತುಂಡನ್ನು ನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ತಿಂದು, ಉಳಿದದ್ದನ್ನು ಅಲ್ಲೇ ಬಿಟ್ಟು ಹೋಯಿತು. ಮಧ್ಯಾಹ್ನದ ಹೊತ್ತಿಗೆ ರಾಯಚೂರು ಸೀಮೆಯ ಬಿಸಿಲಿಗೆ ಬೋಗುಣಿ ಕೈಯಿಂದ ಮುಟ್ಟಲಾಗದಷ್ಟು ಕಾದಿತ್ತು.

‘ಯಾರಿಗೆ ಸಾರು ಕುದಿಸಾಕತ್ತೀರಿ?’ ಎಂದಳು ನೀಲಗಂಗಮ್ಮ.

ಹೀಗೆ ಹೇಳಿದಳಾದರೂ ಅವಳಿಗೇ ಈಗ ಉಮೇದು ಬಂದಿತ್ತು. ದಿಂಬಿಗೆ ಒರಗಿ ಕುಳಿತು ಹುಕುಂ ಶುರು ಮಾಡಿದಳು. ಲೋಹ ಬೇಡ, ಮಣ್ಣಿನದು ಬೇಕು. ಬಿಸಿಲು ಬೇಡ, ಬೇವಿನ ಗಿಡದ ನೆರಳು ಬೇಕು. ಕಾಳು ತುಂಬುವ ಹರಿವಿ ಎಂದೋ ಒಡೆದುಹೋಗಿತ್ತು, ಅದರ ಅಗಲವಾದ ಮಣ್ಣಿನ ಮುಚ್ಚಳ ಅಟ್ಟದ ಮೇಲೆ ಇನ್ನೂ ಇತ್ತು. ಪಂಪಣ್ಣ ಜೇಡರ ಬಲೆಯನ್ನೆಲ್ಲ ತಲೆಗೆ ಸುತ್ತಿಕೊಂಡು ಅದನ್ನು ಇಳಿಸಿದ. ಸೀಳು ಬಿಟ್ಟ ಪ್ಲಾಸ್ಟಿಕ್ ಬಕೀಟಿಗೆ ಇಟ್ಟಿಗೆ ಚೂರು ತುಂಬಿ, ಅಲುಗಾಡದಂತೆ ಬೇವಿನ ಬುಡದಲ್ಲಿ ನಿಲ್ಲಿಸಿ, ಅದರ ಬಾಯಿಯ ಮೇಲೆ ಮುಚ್ಚಳವನ್ನು ಅಂಗಾತ ಇಟ್ಟ. ಅಂಚಿನವರೆಗೆ ನೀರು ಸುರಿದ.

‘ಗುಬ್ಬಿ ಜಳಕ ಮಾಡ್ಬೇಕೋ ಈಸಬೇಕೋ?’ ಕಿಟಕಿಯಿಂದ ದನಿ ಬಂತು. ‘ಅದರ ಮೊಣಕಾಲಷ್ಟು ನೀರು ಸಾಕು.’

‘ಗುಬ್ಬಿಗೆ ಮೊಣಕಾಲು ಎಲ್ಲಿ ಅದ?’

‘ಇರೋ ಕಡೀನ ಅದ. ನೀವು ಯಾವಾಗ ನಿಂತು ನೋಡೀರಿ? ಓಡಿಸಿದ್ದ ಒಂದ ನಿಮಗ ಗೊತ್ತು.’

ಪಂಪಣ್ಣ ಅರ್ಧ ನೀರು ಚೆಲ್ಲಿದ. ಕಾಲೂರಲು ಆಸರೆಯಾಗಲೆಂದು ಒಡೆದ ಗಡಿಗೆಯ ಒರಟು ಚೂರುಗಳನ್ನು ನೀರಲ್ಲಿ ಜೋಡಿಸಿದ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಗುಲ್ನಾಜ್ ಗೋಡೆಯಾಚೆಯಿಂದ ಇದನ್ನೆಲ್ಲ ನೋಡುತ್ತಿದ್ದವಳು, ‘ಯಪ್ಪಾ, ಮ್ಯಾಲಿಂದ ಹನಿ ಬಿದ್ರ ಆ ಸಪ್ಪಳಕ್ಕ ಹಕ್ಕಿ ಜಲ್ದಿ ಬರ್ತಾವಂತ. ಮೊಬೈಲ್ನಾಗ ನೋಡೀನಿ’ ಎಂದು ಒಂದು ದಬ್ಬಣ ಕೊಟ್ಟಳು. ಪಂಪಣ್ಣ ಹಳೆಯ ನೀರಿನ ಬಾಟಲಿಯ ತಳಕ್ಕೆ ದಬ್ಬಣದಿಂದ ಸಣ್ಣ ತೂತು ಮಾಡಿ ಬೇವಿನ ಕೊಂಬೆಗೆ ಕಟ್ಟಿದ. ಟಪ್, ಟಪ್ ಎಂದು ಹನಿ ಬೀಳತೊಡಗಿತು. ಗಂಡ ಹೆಂಡತಿ ಇಬ್ಬರೂ ಆ ಸದ್ದನ್ನು ಕೇಳುತ್ತ ಕುಳಿತರು. ಸೀರಿಯಲ್ಲಿಗಿಂತ ಅದೇ ವಾಸಿ ಎನಿಸಿತು ನೀಲಗಂಗಮ್ಮನಿಗೆ.

ಕೆಲವು ದಿನ ಏನೂ ಬರಲಿಲ್ಲ. ಆಮೇಲೆ ಒಂದು ಬೆಳಗ್ಗೆ ಗೋಡೆಯ ಮೇಲೆ ಎರಡು ಗುಬ್ಬಿ ಬಂದು ಕುಳಿತವು. ಕತ್ತು ಆ ಕಡೆ ಈ ಕಡೆ ತಿರುಗಿಸಿದವು. ಒಂದು ಹಾರಿ ಮುಚ್ಚಳದ ಅಂಚಿಗೆ ಬಂತು. ನೀಲಗಂಗಮ್ಮ ಉಸಿರು ಬಿಗಿಹಿಡಿದಳು. ಬಾಗಿಲ ಮೆಟ್ಟಿಲ ಮೇಲೆ ಕುಳಿತಿದ್ದ ಪಂಪಣ್ಣನಿಗೆ ಎಷ್ಟು ಸಂತೋಷವಾಯಿತೆಂದರೆ ಅವನ ಬಲಗೈ ತಾನೇ ಮೇಲೆದ್ದಿತು.

‘ಹೋಯ್!’

ಗುಬ್ಬಿಗಳು ಹೋದವು. ಬೇವಿನ ಗಿಡದಲ್ಲಿದ್ದ ಕಾಗೆ ಹೋಯಿತು. ಗೋಡೆಯಾಚೆ ಗುಲ್ನಾಜ್‌ಳ ಕೈಯಿಂದ ಕತ್ತರಿ ಬಿದ್ದ ಸದ್ದಾಯಿತು. ಪಂಪಣ್ಣ ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಮಂಚದ ಮೇಲೆ ನೀಲಗಂಗಮ್ಮ ನಗತೊಡಗಿದಳು. ನಕ್ಕರೆ ಕಾಲು ನೋಯುತ್ತಿತ್ತು, ನೋವಿಗೆ ‘ಯವ್ವಾ’ ಎನ್ನುತ್ತಿದ್ದಳು, ಮತ್ತೆ ನಗುತ್ತಿದ್ದಳು. ಬಿದ್ದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಅದನ್ನು ನೋಡಿ ಪಂಪಣ್ಣನಿಗೆ ಇನ್ನೊಮ್ಮೆ ಕೂಗಬೇಕೆನಿಸಿತಂತೆ.

‘ನಿಮ್ಮ ಬಾಯಿಗೆ ಏನರ ತುಂಬಬೇಕು ನೋಡ್ರಿ’ ಎಂದು ಅವಳು ದಿಂಬಿನ ಬಳಿಯಿದ್ದ ಎಲೆ ಅಡಿಕೆ ಚೀಲ ತೆಗೆದಳು. ಅಂದಿನಿಂದ ಹಿತ್ತಲಿಗೆ ಹೋಗುವ ಮುಂಚೆ ಪಂಪಣ್ಣ ಅವಳ ಮುಂದೆ ಬಾಯಿ ತೆರೆಯಬೇಕು. ಅವಳು ಮಡಿಸಿದ ಎಲೆ ತುರುಕಿ ಕಳಿಸಬೇಕು. ಎರಡೂ ಗಲ್ಲ ಉಬ್ಬಿಸಿಕೊಂಡು ಕುಳಿತವನಿಂದ ಯಾವ ಕೂಗೂ ಹೊರಡಲಿಲ್ಲ.

ಗುಬ್ಬಿಗಳು ಮರಳಿ ಬಂದವು. ಒಂದು ಮೊದಲು ಕೊಕ್ಕು ಅದ್ದಿತು, ನಂತರ ಗಡಿಗೆ ಚೂರಿನ ಮೇಲೆ ಇಳಿದು, ಎದೆ ಮುಳುಗಿಸಿ, ರೆಕ್ಕೆ ಬಡಿದು, ಸುತ್ತಲೂ ನೀರು ಸಿಡಿಸಿತು. ಪಂಪಣ್ಣ ಮಂಡಿ ಹಿಡಿದುಕೊಂಡು ಮುಂದೆ ಬಾಗಿದ. ಗಿರಣಿಯಲ್ಲಿ ಲಕ್ಷ ಗುಬ್ಬಿ ಕಂಡಿದ್ದ. ಎಲ್ಲವೂ ಹಾರಿಹೋಗುವಾಗಿನ ಬೆನ್ನು. ಮುಖ ನೋಡಿದ್ದು ಇದೇ ಮೊದಲು. ಗಂಡು ಗುಬ್ಬಿಯ ಗಂಟಲ ಕೆಳಗೆ ಕಪ್ಪು ಮಚ್ಚೆಯಿತ್ತು. ಅವನು ಓಡಿ ಒಳಗೆ ಬಂದು ಎಲೆ ತುಂಬಿದ ಬಾಯಿಂದಲೇ ಏನೋ ಹೇಳಿದ. ನೀಲಗಂಗಮ್ಮನಿಗೆ ಒಂದಕ್ಷರವೂ ತಿಳಿಯಲಿಲ್ಲ. ಅವನು ಹೊರಗೆ ಉಗುಳಿ ಬಂದು ಮತ್ತೆ ಹೇಳಿದ: ‘ಅದರ ಎದಿ ಮ್ಯಾಲ ಕರೇ ಮಚ್ಚಿ ಅದ ಬೇ! ಇಷ್ಟು ವರ್ಷ ನಾ ನೋಡೇ ಇಲ್ಲ.’

‘ಅದೂ ನಿಮ್ಮ ಮಾರಿ ಈಗ ನೋಡೈತಿ. ಇನ್ನ ಬರ್ತದೋ ಇಲ್ಲೋ’ ಎಂದಳು ಅವಳು. ಆದರೆ ಕರೆಮ್ಮನಿಗೆ ಫೋನ್ ಮಾಡಿ ಊರಗಲ ಹೇಳಿದವಳೂ ಅವಳೇ. ಕರೆಮ್ಮ ಬಿಟ್ಟುಕೊಡಲಿಲ್ಲ: ‘ಅವು ನಮ್ಮ ಮನಿ ಗುಬ್ಬಿನ ಇರಬೇಕಕ್ಕ. ನಿನ್ನ ಕಾಲು ನೋಡಾಕ ದೇವದುರ್ಗದಿಂದ ಬಂದಾವ.’

ಬೇಸಿಗೆ ಏರುತ್ತ ಹೋದಂತೆ ಗೊರವಂಕಗಳು ಬಂದವು. ಬಂದಕೂಡಲೇ ಜಗಳಾಡುತ್ತಿದ್ದವು; ಅವು ಬೀಗರ ಕಡೆಯವು ಎಂದು ಪಂಪಣ್ಣ ತೀರ್ಮಾನಿಸಿದ. ದಿನವೂ ಮುಚ್ಚಳವನ್ನು ತೆಂಗಿನ ನಾರಿನಿಂದ ತಿಕ್ಕಿ ಹೊಸ ನೀರು ಹಾಕುತ್ತಿದ್ದ. ಮನೆಯ ಒಂದು ಲೋಟವನ್ನೂ ತೊಳೆಯದ ಮನುಷ್ಯ ಹಕ್ಕಿಗಳ ಪಾತ್ರೆ ತಿಕ್ಕುವುದನ್ನು ನೀಲಗಂಗಮ್ಮ ಕಿಟಕಿಯಿಂದ ನೋಡಿ, ಒಂದು ದಿನ ಉಂಡ ಎರಡು ತಾಟನ್ನೂ ಮಂಚದಿಂದಲೇ ಕಿಟಕಿಯಾಚೆ ಚಾಚಿ ಅದರ ಜೊತೆಗೆ ಸೇರಿಸಿದಳು. ಅವನು ಗಮನಿಸದೆ ಅವನ್ನೂ ತೊಳೆದ. ಅವಳು ಅದನ್ನು ರೂಢಿ ಮಾಡಿದಳು.

ಪ್ಲಾಸ್ಟರ್ ತೆಗೆದು, ಅವಳು ಕೋಲೂರಿ ಮನೆಯೊಳಗೆ ತಿರುಗಾಡುವ ಹೊತ್ತಿಗೆ ಮುಂಗಾರಿನ ಮಿರಗದ ಮಳೆ ಹಿಡಿಯಿತು. ಓಣಿಯ ತಗ್ಗುಗಳಲ್ಲೆಲ್ಲ ನೀರು ನಿಂತಿತು. ಗುಬ್ಬಿಗಳು ಓಣಿಯಲ್ಲೇ ಜಳಕ ಮಾಡತೊಡಗಿದವು, ಹಿತ್ತಲ ಕಡೆ ತಿರುಗಿಯೂ ನೋಡಲಿಲ್ಲ. ಪಂಪಣ್ಣನಿಗೆ ಬಹಳ ಬೇಸರವಾಯಿತು. ‘ನಮ್ಮ ನೀರು ಕಹಿ ಆತೇನು ಅವುಕ್ಕ?’ ಎಂದು ಊಟದ ತಾಟಿನ ಮುಂದೆ ಕುಳಿತು ಕೇಳಿದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಮಳೆ ಹಿಂದೆಗೆದು ಮತ್ತೆ ಬಿಸಿಲು ಬಿದ್ದಾಗ ಅವನು ರಾಯಚೂರಿಗೆ ಮಗಳ ಮನೆಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದ. ಕಲ್ಮಲ ದಾಟುವಾಗ ಫೋನ್ ಬಂತು.

‘ಬಂದಾವ್ರಿ! ಮರಿನೂ ಕರಕೊಂಡು ಬಂದಾವ. ಕೇಳ್ರಿ, ಸಪ್ಪಳ ಕೇಳ್ರಿ’ ಎಂದು ನೀಲಗಂಗಮ್ಮ ಫೋನನ್ನು ಕಿಟಕಿಯ ಹೊರಗೆ ಹಿಡಿದಳು.

ಪಂಪಣ್ಣ ಒಂದು ಕಿವಿ ಮುಚ್ಚಿ ಇನ್ನೊಂದಕ್ಕೆ ಫೋನ್ ಒತ್ತಿ ಹಿಡಿದ. ಬಸ್ಸಿನ ಗಡಗಡ ಬಿಟ್ಟರೆ ಏನೂ ಕೇಳಿಸಲಿಲ್ಲ.

‘ಕೇಳಿಸ್ತು, ಕೇಳಿಸ್ತು’ ಎಂದ.

ಪಕ್ಕದಲ್ಲಿ ಕುಳಿತಿದ್ದ ಮುದುಕ ಅವನ ಮುಖ ನೋಡಿ ಕೇಳಿದ: ‘ಏನ್ರಿ, ಮನ್ಯಾಗ ಕೂಸು ಹುಟ್ಟ್ಯಾದೇನು?’

‘ಹೂಂನ್ರಿ’ ಎಂದ ಪಂಪಣ್ಣ. ‘ಎಷ್ಟಂತ ಇನ್ನಾ ಗೊತ್ತಾಗಿಲ್ಲ.’