ಮುಳುಗುವವನಿಗೊಂದು ಗಾಡಿ

ನನ್ನ ಕೆಲಸ ಪಂಪುಗಳ ಬಾಯಿ ತೊಳೆಯುವುದು. ಅಥಣಿ, ರಾಯಬಾಗ, ಕಾಗವಾಡದ ಕಡೆ ಕೃಷ್ಣೆಯ ದಂಡೆಗುಂಟ ರೈತರು ಕಟ್ಟಿಕೊಂಡ ಜಾಕ್‌ವೆಲ್ಲುಗಳಿವೆ. ಹೊಳೆಯ ನೀರು ಮೊದಲು ಆ ಬಾವಿಗೆ ಬರುತ್ತದೆ, ಅಲ್ಲಿಂದ ಪೈಪಿನಲ್ಲಿ ಕಬ್ಬಿನ ಹೊಲಕ್ಕೆ ಏರುತ್ತದೆ. ಪೈಪಿನ ಕೆಳತುದಿಯ ಜಾಳಿಗೆಗೆ ಕೆಸರು, ಕಬ್ಬಿನ ಒಣಗರಿಯ ರವದಿ, ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ನೀರು ಏರುವುದು ನಿಲ್ಲುತ್ತದೆ. ಆಗ ನನಗೆ ಫೋನು ಬರುತ್ತದೆ. ಮಾಲವಣದ ಸಮುದ್ರದ ಕಡೆಯಿಂದ ತಂದ ಹಳೆಯ ಸ್ಕೂಬಾ ಸಾಮಾನು ನನ್ನ ಹತ್ತಿರ ಇದೆ. ಬೆನ್ನಿಗೆ ಗಾಳಿಯ ಸಿಲಿಂಡರ್, ಸೊಂಟಕ್ಕೆ ಸೀಸದ ಬೆಲ್ಟು ಕಟ್ಟಿಕೊಂಡು ಕತ್ತಲಲ್ಲಿ ಇಳಿದು, ಜಾಳಿಗೆಯನ್ನು ಕೈಯಿಂದ ತಡವಿ ಸ್ವಚ್ಛ ಮಾಡಿ ಬರುತ್ತೇನೆ. ಸಮುದ್ರದವರು ಮೀನು ನೋಡಲು ಮುಳುಗುತ್ತಾರಂತೆ. ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಕೆಸರನ್ನೇ.

ದಂಡೆಯ ಮೇಲೆ ಹಗ್ಗ ಹಿಡಿಯುವವನು ನನ್ನ ಹೆಂಡತಿಯ ತಮ್ಮ. ಇದು ನಮ್ಮ ಮನೆತನದಲ್ಲಿ ಬಾವಿಯ ಹೂಳು ತೆಗೆಯುತ್ತಿದ್ದ ಕಾಲದಿಂದ ಬಂದ ರೂಢಿ. ಕೆಳಗೆ ಇಳಿಯುವವನ ಹಗ್ಗವನ್ನು ಅವನ ಅಣ್ಣತಮ್ಮಂದಿರು ಹಿಡಿಯಬಾರದು, ಅವರಿಗೆ ಆಸ್ತಿಯಲ್ಲಿ ಪಾಲು ಇರುತ್ತದೆ; ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು, ಅವನು ತನ್ನ ಅಕ್ಕನ ಕುಂಕುಮ ಅಳಿಸಲಾರ ಎಂದು ನನ್ನ ಅಪ್ಪ ಹೇಳುತ್ತಿದ್ದ. ನನ್ನ ತಮ್ಮಂದಿರು ಈ ಮಾತಿಗೆ ಇವತ್ತಿಗೂ ಸಿಟ್ಟಾಗುತ್ತಾರೆ, ಆದರೆ ಅವರಲ್ಲಿ ಒಬ್ಬನೂ ಹಗ್ಗ ಹಿಡಿಯಲು ಮುಂದೆ ಬಂದವನಲ್ಲ.

ಹಗ್ಗದ ಭಾಷೆ ಬಹಳ ಸಣ್ಣದು. ಒಂದು ಸಲ ಜಗ್ಗಿದರೆ ಎಲ್ಲ ಸರಿ ಇದೆ. ನಾನು ಎರಡು ಸಲ ಜಗ್ಗಿದರೆ ಹಗ್ಗ ಸಡಿಲು ಬಿಡು. ಮೇಲಿನವನು ಬಿಡದೆ ಜಗ್ಗುತ್ತಿದ್ದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಮೇಲೆ ಬಾ. ಈ ಮೂರನೆಯದೇ ನನ್ನ ಜೀವ. ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಯಾರೂ ಹೇಳಲಾರರು, ಅದಕ್ಕೇ ರೈತರು ಕರೆಂಟು ಬಂದ ನಿಮಿಷದೊಳಗೆ ತಾನಾಗಿ ಚಾಲೂ ಆಗುವ ಪಂಪು ಇಟ್ಟಿರುತ್ತಾರೆ. ಫ್ಯೂಸು ತೆಗೆದಿದ್ದೇವೆ ಎಂದು ಆಣೆ ಮಾಡಿ ಹೇಳುತ್ತಾರೆ. ಒಂದು ಬಾವಿಗೆ ಮೂರು ಮಂದಿಯ ಪಂಪು ಇರುವಲ್ಲಿ ಯಾರ ಫ್ಯೂಸು ತೆಗೆದರು, ಯಾರದು ಉಳಿಯಿತು ಎಂಬುದು ದೇವರಿಗೇ ಗೊತ್ತು. ನನ್ನ ಕೈ ಜಾಳಿಗೆಯಲ್ಲಿ ಇರುವಾಗ ಪಂಪು ಎಳೆದರೆ ಕೈ ಹೊರಗೆ ಬರುವುದಿಲ್ಲ. ಪಂಪಿನ ಮನೆಯ ದೀಪ ಹೊತ್ತಿ ಪಂಪು ಏಳುವುದರೊಳಗೆ ಮೇಲಿನವನು ಹಗ್ಗ ಜಗ್ಗಿ ತಿಳಿಸಬೇಕು.

ಕಳೆದ ಚಳಿಗಾಲದಿಂದ ಹಗ್ಗ ನಡುಗತೊಡಗಿತ್ತು. ಮೊದಲ ಸಲ ಅದು ಬಿಡದೆ ಜಗ್ಗಿದ ಹಾಗೆಯೇ ಅನಿಸಿ ಎದ್ದುಬಿದ್ದು ಮೇಲೆ ಬಂದೆ. ಭಾವಮೈದುನ ಬೆಪ್ಪಾಗಿ ನನ್ನನ್ನೇ ನೋಡುತ್ತ ಕೂತಿದ್ದ. ಅವನು ಜಗ್ಗಿರಲೇ ಇಲ್ಲ. ಅವನ ಎರಡೂ ಕೈ ಹಗ್ಗದ ಮೇಲೆ ಸಣ್ಣಗೆ ನಡುಗುತ್ತಿದ್ದವು. ಮಾಸ್ಕಿನಲ್ಲಿ ನೀರು ಹೊಕ್ಕಿತು ಎಂದು ಸುಳ್ಳು ಹೇಳಿ ಮತ್ತೆ ಇಳಿದೆ. ಆಮೇಲೆ ಇನ್ನೂ ಕೆಲವು ಸಲ ಹಾಗೇ ಆಯಿತು, ನಾನೂ ಅದೇ ಸುಳ್ಳು ಹೇಳಿದೆ. ನಿಜ ಹೇಳಿದರೆ ಅವನು ಮನೆಯಲ್ಲಿ ಕೂಡುತ್ತಾನೆ. ಹೇಳದಿದ್ದರೆ ಯಾವತ್ತೋ ಒಂದು ದಿನ ನಿಜವಾದ ಜಗ್ಗಾಟವನ್ನು ನಡುಕ ಎಂದು ತಿಳಿದು ನಾನು ಕೆಳಗೇ ಉಳಿಯುತ್ತೇನೆ. ಇದನ್ನು ಯೋಚಿಸುತ್ತ ಎಷ್ಟೋ ಸಲ ಊಟ ಅರ್ಧಕ್ಕೆ ಬಿಟ್ಟು ಎದ್ದಿದ್ದೇನೆ.

ಕೊನೆಗೆ ನನಗೆ ನಾನೇ ಒಂದು ಸಮಾಧಾನ ಹುಡುಕಿಕೊಂಡೆ. ಟೆಂಪೊ ಕಬ್ಬಿನ ಹೊಲದ ಅಂಚಿಗೇ ನಿಲ್ಲುತ್ತದೆ. ಅಲ್ಲಿಂದ ದಂಡೆಯವರೆಗೆ ಎರೆಮಣ್ಣಿನ ಹಾದಿ, ಸಿಲಿಂಡರ್ ಅವನ ಹೆಗಲ ಮೇಲೆ, ಸೀಸದ ಚೀಲ ಅವನ ಕೈಯಲ್ಲಿ. ಅಷ್ಟು ಹೊತ್ತು ಬಂದವನ ಕೈ ನಡುಗದೆ ಇರುತ್ತದೆಯೇ? ಭಾರ ಇಳಿಸಿದರೆ ನಡುಕವೂ ಇಳಿದೀತು ಎಂದುಕೊಂಡೆ. ಸಾಮಾನು ಸಾಗಿಸಲು ಒಂದು ಕೈಗಾಡಿ ತೆಗೆದುಕೊಳ್ಳೋಣ ಎಂದೆ. ಅವನು ಬೇಡ ಅಂದಾನು ಎಂದುಕೊಂಡಿದ್ದೆ. ಕೂಡಲೇ ಒಪ್ಪಿಕೊಂಡ.

ಚಿಕ್ಕೋಡಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಬ್ಯಾಗಿನ ಅಂಗಡಿಯಲ್ಲಿ ಗಾಲಿಯಿದ್ದ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿತು. ಸಿಲಿಂಡರ್, ಬೆಲ್ಟು, ಕಾಲಿನ ರೆಕ್ಕೆ ಎಲ್ಲ ಅದರಲ್ಲಿ ಹಿಡಿಸುತ್ತಿತ್ತು, ಎಳೆಯಲು ಉದ್ದನೆಯ ಹಿಡಿಕೆಯೂ ಇತ್ತು. ನನಗೆ ನೋಡಿದ ಕೂಡಲೇ ಮನಸ್ಸಿಗೆ ಬಂತು. ಭಾವಮೈದುನ ಅದನ್ನು ಅಂಗಡಿಯ ನುಣುಪಾದ ಕಲ್ಲುಹಾಸಿನ ಮೇಲೆ ಒಂದು ಸುತ್ತು ಎಳೆದುಕೊಂಡು ಬಂದ.

"ಫರಶಿ ಮ್ಯಾಲ ಚಂದ ಓಡತೈತ್ರಿ ದಾಜಿ," ಅಂದ. ಅಕ್ಕನ ಗಂಡನಿಗೆ ನಮ್ಮ ಕಡೆ ದಾಜಿ ಎನ್ನುತ್ತಾರೆ. "ಹೊಳಿಮಟ ಫರಶಿ ಯಾರ ಹಾಕ್ಯಾರ?"

ಮಾತು ಸುಳ್ಳಲ್ಲ. ಎರೆಮಣ್ಣು ಆ ಗಾಲಿಗಳನ್ನು ಹತ್ತು ಹೆಜ್ಜೆಯಲ್ಲಿ ನುಂಗುತ್ತಿತ್ತು. ಹೊರಗೆ ಬಂದು ಚಹಾ ಕುಡಿದೆವು. ಬಸಿಯಲ್ಲಿ ಸುರುವಿಕೊಂಡ ಚಹಾ ಅವನ ಬಾಯಿಗೆ ಮುಟ್ಟುವುದರೊಳಗೆ ಅರ್ಧ ಅಂಗಿಯ ಮೇಲೆ ಚೆಲ್ಲಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ, ನಾನು ಬಸ್ಸುಗಳ ಕಡೆ ನೋಡಿದೆ.

ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮುಗಳಿಗೆ ಸಾಮಾನು ಮಾರುವ ಅಂಗಡಿಗೆ ಹೋದೆವು. ಚೀಲ ಸಾಗಿಸುವ ಅಲ್ಯುಮಿನಿಯಂ ಗಾಡಿ ಇತ್ತು, ಗಾಳಿ ತುಂಬುವ ಅಗಲವಾದ ಗಾಲಿ. ನಾನು ಬೇಕೆಂದದ್ದೆಲ್ಲ ಅದರಲ್ಲಿತ್ತು.

"ಹಲ್ಕಾ ಐತ್ರಿ, ಮಜಬೂತ್ ಐತ್ರಿ," ಅಂದ ಅಂಗಡಿಯವ. "ಸಣ್ಣ ಹುಡುಗರೂ ಎತ್ತತಾರ."

ಭಾವಮೈದುನ ಒಂದೇ ಕೈಯಿಂದ ಅದನ್ನು ಎತ್ತಿ ನೋಡಿ ಕೆಳಗಿಟ್ಟ. "ಹಗರ ಆತು," ಅಂದ.

"ಹಗರ ಇರಲಿ ಅಂತನ ಗಾಡಿ ತಗೊಳ್ಳಾಕ ಬಂದೇವೋ ಪಾವ್ಣ್ಯಾ."

"ಜಡ ಇರಬೇಕ್ರಿ. ಗಾಡಿ ಅಂದ್ರ ಕೂತಲ್ಲಿ ಕೂಡಬೇಕು."

ನನಗೆ ಮೈ ಉರಿಯಿತು. ಇವನ ಸಲುವಾಗಿ ಬಿಸಿಲಲ್ಲಿ ಊರೂರು ತಿರುಗುತ್ತಿರುವವನು ನಾನು, ಇವನೋ ಹೆಣ್ಣು ನೋಡಲು ಬಂದ ಬೀಗರ ಹಾಗೆ ಎಲ್ಲದಕ್ಕೂ ಕೊಂಕು ತೆಗೆಯುತ್ತಾನೆ. ಬಸ್ಸಿನಲ್ಲಿ ಚಿಕ್ಕೋಡಿ ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನೇ ಚೀಲದಿಂದ ಪೇರಲ ತೆಗೆದು ಅರ್ಧ ನನಗೆ ಕೊಟ್ಟ. ತೆಗೆದುಕೊಂಡೆ. ಸಿಟ್ಟನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಈಗ ಉಳಿದಿಲ್ಲ.

ಕೊನೆಗೆ ಅಥಣಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಅವನು ಹೇಳಿದ ಹಾಗೆಯೇ ಗಾಡಿ ಮಾಡಿಸಿದೆವು. ಹಳೆಯ ಮೋಟರ್‌ ಸೈಕಲ್ಲಿನ ಎರಡು ಗಾಲಿ, ದಪ್ಪ ಕಬ್ಬಿಣದ ಚೌಕಟ್ಟು, ಮೇಲೆ ಬೇವಿನ ಹಲಗೆಯ ಪೆಟ್ಟಿಗೆ. ಬೆಸೆಯುವವನು ಇಷ್ಟು ದಪ್ಪ ಕಬ್ಬಿಣ ಬೇಡ ಅಂದರೂ ಭಾವಮೈದುನ ಕೇಳಲಿಲ್ಲ. ಖಾಲಿ ಗಾಡಿ ಎಳೆಯಲೇ ಇಬ್ಬರು ಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ನನ್ನ ಹೆಂಡತಿ ನಕ್ಕಳು. ನಾನು ನಗಲಿಲ್ಲ. ಸಾಮಾನು ಹೊರುವುದು ತಪ್ಪಿತು, ಈಗ ಗಾಡಿಯನ್ನು ದಬ್ಬಬೇಕು ಅಷ್ಟೇ.

ಹೊಸ ಗಾಡಿಯ ಮೊದಲ ಕೆಲಸ ಕಾಗವಾಡದ ಕಡೆ ಬಂತು. ಬೇಸಿಗೆಯ ಹೊಳೆ ಒಳಕ್ಕೆ ಸರಿದಿತ್ತು. ಇಬ್ಬರೂ ಏದುಸಿರು ಬಿಡುತ್ತ ಗಾಡಿಯನ್ನು ಜಾಕ್‌ವೆಲ್ಲಿನ ಕಟ್ಟೆಯವರೆಗೆ ತಂದೆವು. ಭಾವಮೈದುನ ಗಾಲಿಗಳಿಗೆ ಕಲ್ಲು ಕೊಟ್ಟ. ನಾನು ಸಿಲಿಂಡರ್ ಕಟ್ಟಿಕೊಂಡು, ಹಗ್ಗದ ಒಂದು ತುದಿ ಸೊಂಟಕ್ಕೆ ಬಿಗಿದು ಇಳಿದೆ.

ಕೆಳಗೆ ಎಂದಿನ ಕತ್ತಲೆ. ಜಾಳಿಗೆ ಸಿಕ್ಕಿತು, ಅದರ ಬಾಯಿ ತುಂಬ ರವದಿ. ಸ್ವಲ್ಪ ಹೊತ್ತಿನ ಮೇಲೆ ಹಗ್ಗ ನಡುಗುತ್ತಿಲ್ಲ ಎಂಬುದು ತಿಳಿಯಿತು. ನನ್ನ ಲೆಕ್ಕ ಸರಿಯಾಯಿತು, ಭಾರ ಹೊತ್ತೇ ಕೈ ನಡುಗುತ್ತಿತ್ತು ಎಂದು ಬಹಳ ಖುಷಿಯಾಯಿತು. ಆ ಖುಷಿಯಲ್ಲೇ ಒಮ್ಮೆ ಹಗ್ಗ ಜಗ್ಗಿದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಜಗ್ಗಿದೆ. ಗೋಡೆಯನ್ನು ಜಗ್ಗಿದ ಹಾಗಿತ್ತು. ಆ ತುದಿಯಲ್ಲಿ ಮನುಷ್ಯ ಇಲ್ಲ ಎನಿಸಿದ ಗಳಿಗೆಯಲ್ಲಿ ನನಗೆ ಆದ ಭಯ ಈ ಕೆಲಸದಲ್ಲಿ ಎಂದೂ ಆಗಿರಲಿಲ್ಲ. ಬಿದ್ದನೋ, ಸತ್ತನೋ ಎಂದು ಕೆಲಸ ಬಿಟ್ಟು ಮೇಲೆ ಬಂದೆ.

ಅವನು ಗಾಡಿಯ ಮೇಲೆ ಕೂತಿದ್ದ. ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡಿದ್ದ. ಹಗ್ಗವನ್ನು ಗಾಡಿಯ ಕಬ್ಬಿಣಕ್ಕೆ ಬಿಗಿದು ಕಟ್ಟಿದ್ದ.

"ಹಗ್ಗ ಯಾಕ ಕಟ್ಟೀದಿ?" ಎಂದೆ. ಬಾಯಿಂದ ಗಾಳಿಯ ನಳಿಗೆ ತೆಗೆದ ಕೂಡಲೇ ಬಂದ ಮಾತು ಅದೇ.

"ನನ್ನ ಕೈಯಾಗಿಂದ ಜಾರಿದ್ರ? ಗಾಡಿ ಎಲ್ಲೂ ಹೋಗಂಗಿಲ್ರಿ. ಅದಕ್ಕ ಜಡ ಇರಲಿ ಅಂದೆ."

"ನಿನ್ನ ಕೈಗೆ ಏನಾಗೇತಿ?" ಎಂದೆ, ಗೊತ್ತಿಲ್ಲದವನ ಹಾಗೆ.

"ದಾಜಿ, ನಾಕ ಸಲ ನೀವು ಸುಮ್ಮನ ಮ್ಯಾಲ ಬಂದ್ರಿ. ಮಾಸ್ಕಿನ್ಯಾಗ ನೀರ ಹೊಕ್ಕೈತಿ ಅಂದ್ರಿ. ನಿಮ್ಮ ಮಾಸ್ಕಿನ್ಯಾಗ ಒಂದ ಹನಿ ನೀರ ಇದ್ದಿಲ್ಲ." ಆಮೇಲೆ ಕೇಳಿದ, "ಅಕ್ಕಗ ಹೇಳೀರೇನು?"

"ಇಲ್ಲ."

"ಹೇಳಬ್ಯಾಡ್ರಿ. ಹಗ್ಗ ಬ್ಯಾರೆದಾವರ ಕೈಯಾಗ ಕೊಡ ಅಂತಾಳ."

ನಾನು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತೆ. ಮೈಯಿಂದ ನೀರು ಸೋರುತ್ತಿತ್ತು. ಎಲ್ಲ ಸಾಕಾಗಿತ್ತು, ಗಾಡಿ, ಸಿಲಿಂಡರ್, ಕೆಸರು, ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡ ಸುಳ್ಳು. ಅಲ್ಲಿಗೇ ಬಿಟ್ಟು ಮನೆಗೆ ಹೋಗಬಹುದಿತ್ತು. ಆದರೆ ಕಬ್ಬು ಒಣಗುತ್ತಿತ್ತು, ಬಾವಿಯ ಒಡೆಯರು ಆಚೆ ಬೇವಿನ ನೆರಳಲ್ಲಿ ನಮ್ಮನ್ನೇ ನೋಡುತ್ತ ಕೂತಿದ್ದರು.

"ಹಗ್ಗದ ತುದಿ ಗಾಡಿಗೇ ಇರಲಿ," ಎಂದೆ. "ನಡುವ ನೀ ಹಿಡಿ."

"ನಡಗತೈತ್ರಿ."

"ನಡಗಲಿ. ಗಾಡಿ ಓ ಅನ್ನಂಗಿಲ್ಲೋ. ಕೆಳಗ ಅಂಜಿಕಿ ಬಂತು ನನಗ."

ಅವನು ಕಂಕುಳಿಂದ ಕೈ ತೆಗೆದ. ನಾನು ಮುಂದುವರಿಸಿದೆ. "ಕರೆಂಟ ಬಂತಂದ್ರ ಕೈಲೆ ಜಗ್ಗಬ್ಯಾಡ. ಹಗ್ಗ ನಡಕ್ಕ ಸುತ್ತಿಕೊಂಡ ಹಿಂದಕ ನಡೀ. ನೀ ನಡದ್ರ ನನಗ ತಿಳೀತೈತಿ."

ಅವನು ಎದ್ದು ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡು ಹಿಂದಕ್ಕೆ ನಾಲ್ಕು ಹೆಜ್ಜೆ ನಡೆದು ನೋಡಿದ. ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಆ ಎಳೆತ ಬದಿಗೆ ವಾಲಿಸಿತು. ಅವನ ಕೈ ನಡುಗಬಹುದು, ಹೆಜ್ಜೆ ನಡುಗಿರಲಿಲ್ಲ. ಸಾಕು ಎಂದೆ. ಮಾಸ್ಕು ಹಾಕಿಕೊಂಡು ಮತ್ತೆ ಇಳಿದೆ.

ಕತ್ತಲಲ್ಲಿ ಜಾಳಿಗೆ ಹುಡುಕಲು ಹೊತ್ತು ಹಿಡಿಯಿತು. ಹಗ್ಗ ನಡುಗುತ್ತಿತ್ತು. ನಾನು ರವದಿಯೊಳಗೆ ಕೈ ಹಾಕಿದೆ.